ಸ್ಕ್ರೋಲ್ ಸಾದಲ್ಲಿ ಕೊಯ್ಯುವಾಗ ಕೈಯ ಬಲ ಎಲ್ಲಿರಬೇಕು?

ಸ್ಕ್ರೋಲ್ ಸಾ ಅಂದರೆ ಟೇಬಲ್ ಮೇಲೆ ಹಲಗೆಯಿಟ್ಟು ತೆಳು ಬ್ಲೇಡಿನಿಂದ ಸೂಕ್ಷ್ಮ ಆಕಾರಗಳನ್ನು ಕೊಯ್ಯುವ ಮಷಿನ್ ಗರಗಸ. ಅದನ್ನು ಕಲಿಯಲು ಬರುವವರು ಮೊದಲ ವಾರದಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಬ್ಲೇಡು ಯಾಕೆ ಇಷ್ಟು ಬೇಗ ಮುರಿಯುತ್ತೆ? ನಾನು ಬ್ಲೇಡು ನೋಡಲು ಹೋಗುವುದಿಲ್ಲ, ಅವರು ಕೊಯ್ಯುವಾಗ ಭುಜ ನೋಡುತ್ತೇನೆ. ಭುಜ ಮುಂದಕ್ಕೆ ಬಾಗಿದ್ದರೆ ಹಲಗೆಯನ್ನು ತಳ್ಳುತ್ತಿದ್ದಾರೆ ಅಂತಲೇ ಅರ್ಥ. ಈ ಗರಗಸದಲ್ಲಿ ಆಗುವ ತೊಂದರೆ ಮುಕ್ಕಾಲು ಪಾಲು ಅಲ್ಲಿಂದಲೇ ಶುರುವಾಗುತ್ತದೆ.

ಬ್ಲೇಡು ಹೇಗೆ ಕೆಲಸ ಮಾಡುತ್ತದೆ ಅಂತ ಒಮ್ಮೆ ಹತ್ತಿರದಿಂದ ನೋಡಿ. 5 ಇಂಚು ಉದ್ದದ, ನೂಲಿನಷ್ಟು ತೆಳು ಉಕ್ಕಿನ ಪಟ್ಟಿ ಅದು. ಮೇಲೂ ಕೆಳಗೂ ಬಿಗಿದುಕೊಂಡು ಮುಕ್ಕಾಲು ಇಂಚಿನಷ್ಟು ಜಾಗದಲ್ಲಿ ಮೇಲೆ ಕೆಳಗೆ ಓಡಾಡುತ್ತದೆ. ಹಲ್ಲುಗಳ ಮೂತಿ ಕೆಳಕ್ಕಿರುತ್ತದೆ, ಹಾಗಾಗಿ ಮರ ಕೊಯ್ಯುವುದು ಇಳಿಯುವಾಗ. ಏರುವಾಗ ಅದು ಹಲಗೆಯನ್ನೇ ಜೊತೆಗೆ ಎತ್ತಲು ನೋಡುತ್ತದೆ. ಹಲಗೆ ಟೇಬಲ್ ಮೇಲೆ ಪಟಪಟ ಕುಣಿಯುವುದು ಇದಕ್ಕೇ. ಅಂದರೆ ನಿಮ್ಮ ಕೈಯ ಬಲ ಕೆಳಕ್ಕಿರಬೇಕು, ಮುಂದಕ್ಕಲ್ಲ. ಒತ್ತಿ ಹಿಡಿಯಿರಿ, ಮುಂದಕ್ಕೆ ಬರೀ ದಾರಿ ತೋರಿಸಿ. ಕುಣಿತ ಜೋರಾದರೆ ಗಾಬರಿಯಿಂದ ಕೈ ಎತ್ತಬೇಡಿ, ಹಲಗೆಯನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡು ಸ್ವಿಚ್ ಆರಿಸಿ. ಕಾಲಲ್ಲಿ ಒತ್ತುವ ಸ್ವಿಚ್ ಇದ್ದರೆ ಎರಡೂ ಕೈ ಹಲಗೆ ಮೇಲೇ ಇರುತ್ತವೆ, ನನಗಂತೂ ಅದಿಲ್ಲದೆ ಕೆಲಸ ಮಾಡೋಕೆ ಮನಸ್ಸೇ ಬರುವುದಿಲ್ಲ.

ಬೇರೆ ಗರಗಸಗಳ ಪಕ್ಕದಲ್ಲಿ ಇದು ಸಾಧುವಾಗಿ ಕಾಣುತ್ತದೆ, ನಿಜ. ಆದರೆ ನನ್ನ ಎಡ ಹೆಬ್ಬೆರಳಿನ ತುದಿಯಲ್ಲಿ ಒಂದು ಗೀರು ಇದೆ. ಉದ್ದನೆಯ ಗೆರೆ ಕೊಯ್ಯುತ್ತಾ ಅಂಚಿನ ಹತ್ತಿರ ಬಂದಿದ್ದೆ. ಬ್ಲೇಡು ಮೊಂಡಾಗಿತ್ತು, ನಾನು ತಳ್ಳುತ್ತಿದ್ದೆ, ಹೆಬ್ಬೆರಳು ಬ್ಲೇಡಿನ ನೇರಕ್ಕೇ ಇತ್ತು. ಕೊನೆಯ ಎರಡು ಮಿಲಿಮೀಟರ್ ಮರ ಒಮ್ಮೆಲೇ ಬಿಟ್ಟುಕೊಟ್ಟಿತು, ತಡೆಯುವುದಕ್ಕೆ ಏನೂ ಉಳಿಯಲಿಲ್ಲ, ಬೆರಳು ಹೋಗಿ ಹಲ್ಲಿಗೆ ತಾಗಿತು. ಅಂದಿನಿಂದ ಬೆರಳುಗಳನ್ನು ಬ್ಲೇಡಿನ ಎರಡು ಪಕ್ಕಕ್ಕೆ ಇಡುತ್ತೇನೆ, ಎದುರಿಗೆ ಯಾವತ್ತೂ ಇಲ್ಲ. ಬೆರಳು ಇಡಲು ಜಾಗವೇ ಇಲ್ಲದಷ್ಟು ಚಿಕ್ಕ ತುಂಡಾದರೆ ಎರಡೂ ಬದಿ ಅಂಟುವ ಡಬಲ್ ಟೇಪಿನಿಂದ ದೊಡ್ಡದೊಂದು ಬೇಡದ ಹಲಗೆಗೆ ಅಂಟಿಸಿ, ಎರಡನ್ನೂ ಸೇರಿಸಿ ಕೊಯ್ಯಿರಿ. ಕನ್ನಡಕ ಮತ್ತು ಮಾಸ್ಕ್ ಬೇಕೇ ಬೇಕು, ಪ್ಲೈವುಡ್ ಮತ್ತು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪುಡಿ ತುಂಬಾ ಸಣ್ಣದು. ಕೈಗೆ ಗ್ಲೌಸ್ ಬೇಡ. ಅಂಗಿಯ ತೋಳು ಮಡಚಿ, ಕೂದಲು ಕಟ್ಟಿ.

ಬಿಗಿ ಸರಿಯಿದೆಯಾ ಅಂತ ಕಿವಿಯೇ ಹೇಳುತ್ತದೆ. ಮಷಿನ್ ಆಫ್ ಇರುವಾಗ ಬ್ಲೇಡನ್ನು ಹಿಂಬದಿಯಿಂದ ತಂತಿ ಮೀಟಿದ ಹಾಗೆ ಮೀಟಿ. ಟಿಣ್ ಎಂದು ಸ್ಪಷ್ಟವಾಗಿ ಕೇಳಬೇಕು. ಮಂಕಾಗಿ ದಬ್ ಎಂದರೆ ಸಡಿಲ. ಬೆರಳಲ್ಲಿ ಪಕ್ಕಕ್ಕೆ ಒತ್ತಿದರೆ 3 ಮಿಲಿಮೀಟರ್‌ಗಿಂತ ಜಾಸ್ತಿ ಸರಿಯಬಾರದು. ಸಡಿಲ ಬ್ಲೇಡು ದಪ್ಪ ಮರದೊಳಗೆ ಬಿಲ್ಲಿನಂತೆ ಬಾಗುತ್ತದೆ. ಮೇಲೆ ಗೆರೆ ಸರಿಯಾಗಿ ಕಂಡರೂ ಕೆಳಗೆ ತಿರುಗಿಸಿ ನೋಡಿದರೆ ಆಕಾರವೇ ಬೇರೆ ಆಗಿರುತ್ತದೆ.

ಬ್ಲೇಡು ಆರಿಸುವಾಗ ಕನಿಷ್ಠ ಮೂರು ಹಲ್ಲಾದರೂ ಮರದ ದಪ್ಪದೊಳಗೆ ಇರುವ ಹಾಗೆ ನೋಡಿಕೊಳ್ಳಿ. ಕಾಲು ಇಂಚಿನ ಪ್ಲೈಗೆ ನಾನು 2ನೇ ನಂಬರ್, ಮುಕ್ಕಾಲು ಇಂಚಿಗೆ 5ನೇ ನಂಬರ್ ಹಾಕುತ್ತೇನೆ (ನಂಬರ್ ಹೆಚ್ಚಾದಷ್ಟು ಬ್ಲೇಡು ದೊಡ್ಡದು). ಕೆಳತುದಿಯ ಕೆಲವು ಹಲ್ಲು ಮೇಲ್ಮುಖವಾಗಿರುವ ಬ್ಲೇಡು ಸಿಕ್ಕರೆ ತೆಗೆದುಕೊಳ್ಳಿ, ಹಲಗೆಯ ತಳ ಸಿಬಿರೆದ್ದು ಹಾಳಾಗುವುದಿಲ್ಲ, ಉಪ್ಪುಕಾಗದ ತಿಕ್ಕುವ ಕೆಲಸ ಎಷ್ಟೋ ಉಳಿಯುತ್ತದೆ.

ಹೊಸಬರು ತುಂಬಾ ಬೇಜಾರು ಮಾಡಿಕೊಳ್ಳುವ ಸಂಗತಿ ಒಂದಿದೆ. ನೇರ ಗೆರೆ ಎಳೆದು ನೇರವಾಗಿಯೇ ಹಿಡಿದರೂ ಬ್ಲೇಡು ಒಂದು ಪಕ್ಕಕ್ಕೆ ಎಳೆಯುತ್ತದೆ. ಇದು ನಿಮ್ಮ ತಪ್ಪಲ್ಲ. ಹಲ್ಲು ಮಾಡುವಾಗ ಬ್ಲೇಡಿನ ಒಂದು ಬದಿಯಲ್ಲಿ ಸಣ್ಣ ಚೂಪು ಅಂಚು ಉಳಿದುಬಿಡುತ್ತದೆ, ಆ ಬದಿ ಜಾಸ್ತಿ ಕಚ್ಚುತ್ತದೆ. ಬೇಡದ ತುಂಡಿನ ಮೇಲೆ ಒಂದು ಗೆರೆ ಕೊಯ್ದು ಯಾವ ಕಡೆ ಎಳೆಯುತ್ತದೆ ಅಂತ ತಿಳಿದುಕೊಳ್ಳಿ, ಆಮೇಲೆ ಹಲಗೆಯನ್ನು ಒಂಚೂರು ಓರೆಯಾಗಿಟ್ಟು ಕೊಯ್ದರೆ ಗೆರೆ ಹಿಡಿಯುತ್ತದೆ.

ಚೂಪು ಮೂಲೆ ಬಂದಾಗ ಮುಂದೆ ಹೋಗುವುದನ್ನು ನಿಲ್ಲಿಸಿ, ಮಷಿನನ್ನಲ್ಲ. ಹಲಗೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ಸರಿಸಿ... ಅಲ್ಲ, ಇಲ್ಲೇ ಎಲ್ಲರೂ ತಪ್ಪುವುದು, ನಿಮ್ಮ ಕಡೆಗೆ ಸರಿಸಿ. ಆಗ ಹಲ್ಲಿಲ್ಲದ ಬೆನ್ನು ಮರಕ್ಕೆ ಒರಗುತ್ತದೆ. ಆ ಬೆನ್ನನ್ನೇ ಆಧಾರ ಮಾಡಿಕೊಂಡು ಹಲಗೆಯನ್ನು ಒಂದೇ ಸಲಕ್ಕೆ ತಿರುಗಿಸಿ. ಬ್ಲೇಡು ತಿರುಚಿಕೊಳ್ಳುವುದಿಲ್ಲ, ಮೂಲೆ ಮೂಲೆಯಾಗಿಯೇ ಉಳಿಯುತ್ತದೆ.

ಒಳಗಿನ ಆಕಾರಗಳನ್ನು ಮೊದಲು ಕೊಯ್ಯಿರಿ, ಹೊರಗಿನ ಗೆರೆ ಕೊನೆಗೆ. ಹಿಡಿಯಲು ಮರ ಜಾಸ್ತಿ ಇರುತ್ತದೆ ಅಲ್ವಾ. ತೆಗೆದು ಬಿಸಾಡುವ ಭಾಗದಲ್ಲಿ ತೂತು ಕೊರೆದ ಮೇಲೆ ಹಲಗೆಯ ತಳವನ್ನು ಬೆರಳಿನಿಂದ ಸವರಿ ನೋಡಿ, ಸಿಬಿರು ಇದ್ದರೆ ಉಪ್ಪುಕಾಗದ ತಿಕ್ಕಿ, ಇಲ್ಲದಿದ್ದರೆ ಹಲಗೆ ಟೇಬಲ್ ಮೇಲೆ ಸಪಾಟಾಗಿ ಕೂರುವುದಿಲ್ಲ. ಆ ತೂತಿನೊಳಗೆ ಬ್ಲೇಡು ಪೋಣಿಸುವಾಗ ಪ್ಲಗ್ ಕಿತ್ತಿರಲಿ. ಒಂದೇ ಕೆಲಸದಲ್ಲಿ ನಲವತ್ತು ತೂತು ಇದ್ದರೆ ನಲವತ್ತು ಸಲವೂ ಕೀಳಿ.

ಗಟ್ಟಿ ಮರದಲ್ಲಿ ಅಂಚು ಸುಟ್ಟು ಕಪ್ಪಾಗುತ್ತಿದ್ದರೆ ಹಲಗೆಗೆ ಅಂಟಿಸಿದ ನಕ್ಷೆಯ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪ್ ಅಂಟಿಸಿ ಕೊಯ್ಯಿರಿ, ಕಪ್ಪು ಎಷ್ಟೋ ಕಡಿಮೆಯಾಗುತ್ತದೆ. ವೇಗವನ್ನೂ ಸ್ವಲ್ಪ ಇಳಿಸಿ. ಆದರೂ ಸುಡುತ್ತಿದ್ದರೆ ಬ್ಲೇಡು ಮೊಂಡಾಗಿದೆ. ಮುರಿಯುವವರೆಗೆ ಕಾಯುವುದು ಉಳಿತಾಯ ಅಂತ ಅನ್ನಿಸಬಹುದು. ಆದರೆ ಮೊಂಡಾಗುತ್ತಾ ಹೋದ ಹಾಗೆ ನಿಮಗೇ ಗೊತ್ತಾಗದೆ ತಳ್ಳಲು ಶುರುಮಾಡಿರುತ್ತೀರಿ. ಭುಜ ಮುಂದಕ್ಕೆ ಬಾಗಿದೆ ಅಂತ ಅನ್ನಿಸಿದ ಕ್ಷಣವೇ ಸ್ವಿಚ್ ಆರಿಸಿ, ಬ್ಲೇಡು ಬದಲಿಸಿ.