ಶಾಫ್ಟ್‌ಗೆ ಏಟು ಹಾಕುವ ಮೊದಲು ಡಯಲ್ ಇಡಿ

ಕಬ್ಬಿಗೆ ನೀರು ಬಿಡುವ ಹೊತ್ತಿಗೆ ಮಂಡ್ಯದ ಲೇತ್ ಅಂಗಡಿಗಳಿಗೆ ಪಂಪ್ ಶಾಫ್ಟ್‌ಗಳು ಬರೋಕೆ ಶುರುವಾಗುತ್ತವೆ. ತಂದವರ ಮಾತು ಹೆಚ್ಚುಕಡಿಮೆ ಒಂದೇ. "ಅಣ್ಣ, ಬೆಂಡಾಗೈತೆ, ಎರಡು ಏಟು ಹಾಕಿ ನೆಟ್ಟಗೆ ಮಾಡ್ಕೊಡಿ."

ಬೆಂಡ್ ಆಗಿದೆ ಅಂತ ಗೊತ್ತಾಗಿದ್ದು ಹೇಗೆ? ಶಾಫ್ಟ್ ಓಲಾಡಿದರೆ ಬೆಂಡೇ ಇರಬೇಕು ಅಂತೇನಿಲ್ಲ. ಬೇರಿಂಗ್ ಕೂರುವ ಜಾಗ ಒಂದು ಕಡೆ ಸವೆದಿರಬಹುದು. ಲೇತ್‌ನಲ್ಲಿ ಶಾಫ್ಟ್ ಹಿಡಿಯುವ ಚಕ್ಕೇ ಔಟ್ ಇರಬಹುದು, ಅಂದರೆ ನಡು ತಪ್ಪಿ ತಿರುಗುತ್ತಿರಬಹುದು. ಡಯಲ್ ಅಂದರೆ ಕಡ್ಡಿ ಮುಟ್ಟಿಸಿದರೆ ಸಣ್ಣ ಏರಿಳಿತವನ್ನೂ ಮುಳ್ಳಿನಲ್ಲಿ ತೋರಿಸುವ ಗಡಿಯಾರದಂಥ ಅಳತೆ ಸಾಧನ; ಅದನ್ನಿಟ್ಟರೆ ಮೂರು ದವಡೆಯ ಹಳೇ ಚಕ್ ತಾನೇ 0.1 ಮಿ.ಮೀ. ಔಟ್ ತೋರಿಸಿದರೂ ಆಶ್ಚರ್ಯವಿಲ್ಲ. ಅನುಮಾನ ಬಂದರೆ ಶಾಫ್ಟ್ ಸಡಿಲಿಸಿ, ದವಡೆಯೊಳಗೇ ಅರ್ಧ ಸುತ್ತು ತಿರುಗಿಸಿ ಮತ್ತೆ ಹಿಡಿಯಿರಿ. ಉಬ್ಬು ಅದೇ ದವಡೆಯ ಕಡೆ ಉಳಿದರೆ ದೋಷ ಚಕ್‌ನದು. ಶಾಫ್ಟ್ ಜೊತೆ ತಿರುಗಿದರೆ ಶಾಫ್ಟ್‌ನದು.

ಸರಿಯಾದ ಅಳತೆಗೆ ಚಕ್ ಬಿಟ್ಟು ವಿ-ಬ್ಲಾಕ್ (ಶಾಫ್ಟ್ ಕೂರಲು V ಆಕಾರದ ಕಚ್ಚು ಇರುವ ಲೋಹದ ತುಂಡು) ಬಳಸಿ. ಬೇರಿಂಗ್ ಕೂರುವ ಎರಡು ಜಾಗಗಳೇ ಬ್ಲಾಕ್ ಮೇಲೆ ಬರಬೇಕು, ಪಂಪಿನೊಳಗೆ ಶಾಫ್ಟ್ ತಿರುಗುವುದು ಅವುಗಳ ಮೇಲೇ ಅಲ್ವಾ. ಶಾಫ್ಟ್ ಹಿಂದೆ ಮುಂದೆ ಜರುಗದಂತೆ ಒಂದು ತುದಿಗೆ ತಡೆ ಕೊಡಿ. ಡಯಲ್ ಕಡ್ಡಿ ನೇರವಾಗಿ ನಿಲ್ಲಲಿ, ಓರೆಯಾದರೆ ಅಳತೆ ತಪ್ಪುತ್ತದೆ. ಕೀ ಕೂರಲು ಕೊರೆದ ಸೀಳು ಇರುವ ಕಡೆ ಮುಟ್ಟಿಸಬೇಡಿ.

ಈಗ ಚಾಕ್‌ಪೀಸಿನಲ್ಲಿ ನಾಲ್ಕು ಗುರುತು ಹಾಕಿ, ನಿಧಾನವಾಗಿ ತಿರುಗಿಸಿ. ಮುಳ್ಳು 0, 0.06, 0.12, 0.06 ಅಂತ ಒಂದು ಸುತ್ತಿಗೆ ಒಂದೇ ಸಲ ಏರಿ ಇಳಿದರೆ ಅದು ಬೆಂಡ್. ನಡು ಸರಿದಿರುವುದು ಅದರ ಅರ್ಧ, ಅಂದರೆ 0.06. ಮುಳ್ಳು 0, 0.04, 0, 0.04 ಅಂತ ಎರಡು ಸಲ ಏರಿದರೆ ಆ ಜಾಗ ಮೊಟ್ಟೆಯ ಹಾಗೆ ಸವೆದಿದೆ. ಇದನ್ನು ಯಾವ ಪ್ರೆಸ್ಸೂ ನೆಟ್ಟಗೆ ಮಾಡಲ್ಲ! ಸುಮ್ನೆ ಒತ್ತಿದರೆ ಇಲ್ಲದ ಬೆಂಡ್ ಬರುತ್ತದೆ, ಅಷ್ಟೇ.

ಸಣ್ಣ ಪಂಪ್‌ಗಳಿಗೆ ಸಾಮಾನ್ಯವಾಗಿ ಡಯಲ್‌ನಲ್ಲಿ 0.05ರೊಳಗೆ ಇದ್ದರೆ ಒಪ್ಪುತ್ತೇವೆ. ನಿಮಿಷಕ್ಕೆ 2880 ಸುತ್ತಿನ ಮೋಟಾರಾದರೆ ನಾನು ಇನ್ನೂ ಬಿಗಿ. 1440ಕ್ಕೆ ಹೋಲಿಸಿದರೆ ಸುತ್ತು ಎರಡರಷ್ಟು, ಆದರೆ ಅದೇ ಔಟ್‌ಗೆ ಬೇರಿಂಗ್ ಮೇಲಿನ ಹೊಡೆತ ನಾಲ್ಕರಷ್ಟು. ಸೀಲ್ ಪದೇ ಪದೇ ಸೋರುತ್ತಿದ್ದರೆ ಹೊಸ ಸೀಲ್ ತರುವ ಮೊದಲು ಇದನ್ನು ನೋಡಿ.

ನಿಜವಾಗಿಯೂ ಬೆಂಡ್ ಇದ್ದರೆ ಸುತ್ತಿಗೆ ಬೇಡ. ಅದು ಮೈಮೇಲೆ ತಗ್ಗು ಮಾಡುತ್ತದೆ. ಉಬ್ಬು ಮೇಲೆ ಬರುವಂತೆ ಇಟ್ಟು, ನಡುವೆ ತಾಮ್ರದ ತುಂಡು ಕೊಟ್ಟು, ಹೈಡ್ರಾಲಿಕ್ ಪ್ರೆಸ್‌ನಲ್ಲಿ ಸ್ವಲ್ಪ ಸ್ವಲ್ಪವೇ ಒತ್ತಿ. ಉಕ್ಕು ವಾಪಸ್ ಬರುತ್ತದೆ, ಹಾಗಾಗಿ ನೆಟ್ಟಗಾದ ಮೇಲೂ ಒಂಚೂರು ಜಾಸ್ತಿ ಹೋಗಬೇಕು. ಪ್ರತಿ ಒತ್ತಿಗೂ ಡಯಲ್ ನೋಡಿ. ಹಾರ್ಡನಿಂಗ್ ಆದ ಶಾಫ್ಟ್, ಹಿಂದೆ ವೆಲ್ಡಿಂಗ್ ಕಂಡ ಶಾಫ್ಟ್ ಒತ್ತಿದರೆ ಬಿರುಕು ಬಿಡಬಹುದು. ಅಂಥದ್ದಕ್ಕೆ ಇಎನ್-8 ಅನ್ನೋ ಉಕ್ಕಿನ ರಾಡ್ ತಂದು ಹೊಸದೇ ತಿರುವಿಸುವುದು ಒಳ್ಳೆಯದು.

ಒತ್ತಿ ಸರಿಮಾಡಿದ ಶಾಫ್ಟನ್ನು ನಾನು ಅದೇ ದಿನ ಕೊಡುವುದಿಲ್ಲ. ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಅದೇ ಗುರುತುಗಳಲ್ಲಿ ಇನ್ನೊಮ್ಮೆ ಡಯಲ್ ಹಿಡಿದ ಮೇಲೇ ಕೊಡುವುದು.