‘ವಾಪಾಂಗೋ’ ಹಿಡಿಸಿತು, ಮುಂದೇನು ಕೇಳಲಿ?

ಪ್ರಶ್ನೆ: ಮೊಂಕಾಯೋ ಅವರ ‘ವಾಪಾಂಗೋ’ ಕೇಳಿ ಹುಚ್ಚು ಹಿಡಿದಂತಾಗಿದೆ. ಆ ಕಾಲದ ಮೆಕ್ಸಿಕೋದ ಆರ್ಕೆಸ್ಟ್ರಾ ಸಂಗೀತದಲ್ಲಿ ಮುಂದೆ ಏನು ಕೇಳಬಹುದು?

ಉತ್ತರ: ಮೊದಲು ‘ವಾಪಾಂಗೋ’ವನ್ನೇ ಇನ್ನೊಂದು ಸಲ ಕೇಳಿ, ಈ ಸಲ ಕಾಲಲ್ಲಿ ತಾಳ ಹಾಕುತ್ತಾ. ಆರು ಎಣಿಕೆ ಒಮ್ಮೆ ಮೂರು-ಮೂರಾಗಿ ಬರುತ್ತದೆ, ಇನ್ನೊಮ್ಮೆ ಎರಡೆರಡಾಗಿ. ಕಾಲು ತಪ್ಪುವುದು ಅಲ್ಲೇ. ಈ ಆಟ ಮೊಂಕಾಯೋ ಹುಟ್ಟಿಸಿದ್ದಲ್ಲ. ಗೆಳೆಯ ಬ್ಲಾಸ್ ಗಾಲಿಂಡೋ ಜೊತೆ ವೆರಾಕ್ರೂಸ್ ಕರಾವಳಿಯ ಆಲ್ವರಾಡೋಗೆ ಹೋಗಿ, ಅಲ್ಲಿನವರು ಹಾಡಿದ್ದನ್ನು ಕೇಳಿ ಬರೆದುಕೊಂಡು ಬಂದರು. ಕೊನೆಯಲ್ಲಿ ಟ್ರಂಪೆಟ್ ಮತ್ತು ಟ್ರೊಂಬೋನ್ ಸವಾಲ್-ಜವಾಬ್ ನಡೆಸುತ್ತವೆ ಅಲ್ವಾ? ಆ ಊರಲ್ಲಿ ಪದಕ್ಕೆ ಪದ ಕಟ್ಟಿ ಹಾಡುವ ಇಬ್ಬರು ಹಾಡುಗಾರರೇ ಆ ಎರಡು ವಾದ್ಯಗಳು.

1941ರಲ್ಲಿ ಅದನ್ನು ಮೊದಲು ನುಡಿಸಿದ್ದು ಕಾರ್ಲೋಸ್ ಚಾವೇಸ್ ಕಟ್ಟಿದ ತಂಡ. ಮುಂದೆ ಆ ಚಾವೇಸ್ ಅವರೇ ಬರೆದ ‘ಸಿನ್ಫೋನಿಯಾ ಇಂದಿಯಾ’ (1936) ಕೇಳಿ. ಹೆಸರು ನೋಡಿ ಮೋಸ ಹೋಗಬೇಡಿ. ಇಲ್ಲಿ ಇಂದಿಯಾ ಅಂದರೆ ನಾವಲ್ಲ, ಯಾಕಿ, ಸೇರಿ, ವಿಚೋಲ್ ಎಂಬ ಅಲ್ಲಿನ ಮೂಲನಿವಾಸಿಗಳು. ಅವರ ಧಾಟಿಗಳೇ ಇದರ ಬೇರು. ಹನ್ನೆರಡು ನಿಮಿಷ, ಸಲೀಸಾಗಿ ಕೇಳಿಸಿಕೊಂಡು ಹೋಗುತ್ತದೆ.

ಆದರೆ ನೀವು ನಿಜಕ್ಕೂ ತಲುಪಬೇಕಾದ್ದು ಅದೇ ಕಾಲದ ಇನ್ನೊಬ್ಬ ಮೆಕ್ಸಿಕನ್ ಸಂಗೀತಕಾರ ಸಿಲ್ವೆಸ್ತ್ರೆ ರೆವುವೆಲ್ತಾಸ್ ಹತ್ತಿರ. 1940ರಲ್ಲಿ, ನಲವತ್ತನೇ ವಯಸ್ಸಿಗೇ ತೀರಿಕೊಂಡರು. ‘ಸೆನ್ಸೆಮಾಯಾ’ (1938) ಹಾವು ಕೊಲ್ಲುವ ಮಂತ್ರದಂಥ ಒಂದು ಕ್ಯೂಬನ್ ಕವಿತೆಯಿಂದ ಹುಟ್ಟಿದ್ದು. ಏಳು ಎಣಿಕೆ. ಮಿಶ್ರ ಛಾಪು ಕೇಳಿ ಬೆಳೆದವರಿಗೆ ಏಳು ಹೊಸದೇನಲ್ಲ, ಆದರೆ ಇಲ್ಲಿ ಅದು ಕುಣಿಸುವುದಿಲ್ಲ, ಹೆದರಿಸುತ್ತದೆ. ಕೆಳಗಡೆ ಒಂದೇ ಸಮ ಗುರುಗುಟ್ಟುವ ಸದ್ದು, ಮೇಲೆ ಟ್ಯೂಬಾ ಎಂಬ ದಪ್ಪ ದನಿಯ ಊದುವಾದ್ಯ ತೆವಳುತ್ತಾ ಬರುತ್ತದೆ. ಮೊದಲ ಸಲ ಗಲಾಟೆ ಅನ್ನಿಸಬಹುದು. ಇಯರ್‌ಫೋನ್ ಹಾಕಿಕೊಂಡು ಮತ್ತೆ ಕೇಳಿ.

ಎಲ್ಲರೂ ಹೇಳುವ ‘ಲಾ ನೋಚೆ ದೆ ಲೋಸ್ ಮಾಯಾಸ್’ ಆಮೇಲೆ ಇರಲಿ. ಅದು ರೆವುವೆಲ್ತಾಸ್ ಸಿನಿಮಾಕ್ಕೆ ಮಾಡಿದ ಸಂಗೀತ. ಅವರು ಹೋದ ಮೇಲೆ ಬೇರೆಯವರು ಜೋಡಿಸಿದ್ದು. ಡೋಲು ಜಾಸ್ತಿ, ರೆವುವೆಲ್ತಾಸ್ ಕಮ್ಮಿ ಅಂತ ನನಗನ್ನಿಸುತ್ತದೆ.

ಅದರ ಬದಲು ಅವರು ಸ್ಪೇನಿನ ಕವಿ ಲೋರ್ಕಾ ನೆನಪಿನಲ್ಲಿ ಬರೆದದ್ದನ್ನು ಹುಡುಕಿ. 1936ರಲ್ಲಿ ಸ್ಪೇನಿನಲ್ಲಿ ಕವಿಯನ್ನು ಕೊಂದರು, ರೆವುವೆಲ್ತಾಸ್ ಅದೇ ವರ್ಷ ಇದನ್ನು ಬರೆದರು. ಬೆರಳೆಣಿಕೆಯ ವಾದ್ಯಗಳು, ಚೆಲ್ಲೋ ಕೂಡ ಇಲ್ಲ. ನಡುವಿನ ಭಾಗದ ಹೆಸರು ‘ದ್ವೇಲೋ’, ಅಂದರೆ ಶೋಕ. ಒಂಟಿ ಟ್ರಂಪೆಟ್ ಅಳುತ್ತದೆ. ಅದು ನಿಂತ ಮೇಲೆ ಬರುವುದು ‘ಸೋನ್’, ಊರ ಜಾತ್ರೆಯ ಕುಣಿತ.