ಒಂದೇ ಟ್ರ್ಯಾಕಿನಲ್ಲಿ ದುಡಿಯೂ ಕೊಂಬೂ ನುಡಿಯಬಹುದೇ?

ಪ್ರಶ್ನೆ: ಹುತ್ತರಿ ಕೋಲಾಟಕ್ಕೆ ಕಂಪ್ಯೂಟರಿನಲ್ಲಿ ಹಿನ್ನೆಲೆ ಸಂಗೀತ ಸಿದ್ಧಪಡಿಸುತ್ತಿದ್ದೇನೆ. ಒಂದು ಟ್ರ್ಯಾಕಿಗೆ ಒಂದೇ ವಾದ್ಯವೆಂಬ ನಿಯಮವಿದೆಯೇ? ದುಡಿ ಎಂಬ ನಮ್ಮ ಸಣ್ಣ ಚರ್ಮವಾದ್ಯದ ಟ್ರ್ಯಾಕಿನ ನಡುವೆಯೇ ಕೊಂಬನ್ನು ಊದಿಸಲು ಬರುತ್ತದೆಯೇ? (ವಿರಾಜಪೇಟೆಯ ಓದುಗರು)

ಉತ್ತರ: ಅಂಥ ಸಾರ್ವತ್ರಿಕ ನಿಯಮವಿಲ್ಲ. ಯಾವ ವಾದ್ಯ ನುಡಿಯಬೇಕೆಂದು ನಿರ್ಧರಿಸುವ ಅಧಿಕಾರವನ್ನು ನಿಮ್ಮ ತಂತ್ರಾಂಶವು ಟ್ರ್ಯಾಕಿಗೆ ಕೊಟ್ಟಿದೆಯೋ, ಚಾನೆಲ್ಲಿಗೆ (ಸ್ವರದ ಸಂದೇಶಗಳು ಸಾಗುವ, ಸಂಖ್ಯೆಯಿಟ್ಟ ದಾರಿಗೆ) ಕೊಟ್ಟಿದೆಯೋ ಅಥವಾ ಒಂದೊಂದು ಸ್ವರಕ್ಕೇ ಕೊಟ್ಟಿದೆಯೋ ಎಂಬುದನ್ನು ಮೊದಲು ನೋಡಬೇಕು.

ಸ್ವರಕ್ಕೇ ಕೊಟ್ಟಿರುವ ತಂತ್ರಾಂಶಗಳೆಂದರೆ, ಸ್ವರಗಳನ್ನು ಮೇಲಿನಿಂದ ಕೆಳಗೆ ಸಾಲುಸಾಲಾಗಿ ಬರೆಯುವ ಟ್ರ್ಯಾಕರ್‌ಗಳು. ಕಾರ್‌ಸ್ಟನ್ ಒಬಾರ್‌ಸ್ಕಿ ಅವರು 1987ರಲ್ಲಿ ಅಮಿಗಾ ಕಂಪ್ಯೂಟರಿಗಾಗಿ ರೂಪಿಸಿದ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್‌ನಿಂದ ಈ ಪರಂಪರೆ ಆರಂಭವಾಯಿತು. ಆ ಯಂತ್ರದಲ್ಲಿ ಏಕಕಾಲಕ್ಕೆ ನಾಲ್ಕೇ ಧ್ವನಿಗಳು ಹೊರಡುತ್ತಿದ್ದುದರಿಂದ, ಒಂದು ವಾದ್ಯಕ್ಕೆ ಒಂದು ಟ್ರ್ಯಾಕನ್ನು ಮೀಸಲಿಡುವುದು ದುಬಾರಿಯಾಗುತ್ತಿತ್ತು. ಹಾಗಾಗಿ ಪ್ರತಿ ಸಾಲಿನಲ್ಲೂ ಸ್ವರದ ಪಕ್ಕದಲ್ಲೇ ವಾದ್ಯದ ಸಂಖ್ಯೆಯನ್ನೂ ಬರೆಯುವ ಕ್ರಮ ಬಂತು. ಇಂದಿನ ಟ್ರ್ಯಾಕರ್ ಆದ ಓಪನ್‌ಎಂಪಿಟಿಯಲ್ಲಿಯೂ ಅದೇ ಕ್ರಮವಿದೆ. ಮೊದಲ ಸಾಲಿನಲ್ಲಿ ದುಡಿ, ಮರುಸಾಲಿನಲ್ಲಿ ಕೊಂಬು ಎಂದು ನಿರಾತಂಕವಾಗಿ ಬರೆಯಬಹುದು. ತೊಡಕಿರುವುದು ಬೇರೆಡೆ. ಟ್ರ್ಯಾಕರಿನ ಒಂದು ಟ್ರ್ಯಾಕಿನಲ್ಲಿ ಹೊಸ ಸ್ವರ ಬಂದೊಡನೆ ಹಳೆಯ ಸ್ವರ ನಿಂತುಹೋಗುವುದು ಸಾಮಾನ್ಯವಾದುದರಿಂದ, ಕೊಂಬಿನ ನೀಳವಾದ ಊದು ಮುಂದಿನ ದುಡಿಪೆಟ್ಟಿಗೇ ಕತ್ತರಿಸಿಹೋಗುತ್ತದೆ. ಹಳೆಯ ಸ್ವರವನ್ನು ಹಿನ್ನೆಲೆಯಲ್ಲಿ ಮುಂದುವರಿಸುವ ಏರ್ಪಾಡು 1995ರ ಇಂಪಲ್ಸ್ ಟ್ರ್ಯಾಕರ್‌ನಲ್ಲಿ ಬಂತು. ಇಂಪಲ್ಸ್ ಟ್ರ್ಯಾಕರಿನದೇ ಆದ ಐಟಿ ಮಾದರಿಯ ಕಡತವನ್ನು ಆರಿಸಿಕೊಂಡರೆ ಓಪನ್‌ಎಂಪಿಟಿಯಲ್ಲಿಯೂ ಅದು ದೊರೆಯುತ್ತದೆ.

ವಾದ್ಯಗಳಿಗೂ ಕಂಪ್ಯೂಟರುಗಳಿಗೂ ನಡುವೆ ಸ್ವರದ ಸಂದೇಶಗಳನ್ನು ಸಾಗಿಸುವ ಮಿಡಿ ಪದ್ಧತಿಯಲ್ಲಿ ಅಧಿಕಾರ ಚಾನೆಲ್ಲಿನದು. 1983ರಲ್ಲಿ ಬಂದ ಈ ಪದ್ಧತಿಯಲ್ಲಿ ಒಂದು ಸಂಪರ್ಕಕ್ಕೆ 16 ಚಾನೆಲ್‌ಗಳಿದ್ದು, ಪ್ರೋಗ್ರಾಮ್ ಚೇಂಜ್ ಎಂಬ ಸಂದೇಶದಿಂದ ಹಾಡಿನ ನಡುವೆಯೇ ಚಾನೆಲ್ಲಿನ ವಾದ್ಯವನ್ನು ಬದಲಿಸಬಹುದು. ಹೆಚ್ಚಿನವರು ಎಡವುವುದು ಇಲ್ಲಿಯೇ: ಎರಡು ಟ್ರ್ಯಾಕುಗಳು ಒಂದೇ ಸಾಧನದ ಒಂದೇ ಚಾನೆಲ್ಲಿಗೆ ಸೇರಿದ್ದರೆ, ಒಂದರಲ್ಲಿ ಕೊಟ್ಟ ಬದಲಾವಣೆ ಇನ್ನೊಂದರ ವಾದ್ಯವನ್ನೂ ಬದಲಿಸಿಬಿಡುತ್ತದೆ. 1991ರ ಜನರಲ್ ಮಿಡಿ ಪಟ್ಟಿಯ 128 ವಾದ್ಯಗಳಲ್ಲಿ ಸಿತಾರಿಗೆ 105ನೆಯ, ಶಹನಾಯಿಗೆ 112ನೆಯ ಸ್ಥಾನವಿದೆ. ದುಡಿಗೂ ನಮ್ಮ ಕೊಂಬಿಗೂ ಸ್ಥಾನವಿಲ್ಲ. ಆದ್ದರಿಂದ ಧ್ವನಿಮುದ್ರಿತ ನಾದವನ್ನು ಸ್ವರಗಳಾಗಿ ನುಡಿಸುವ ಸ್ಯಾಂಪ್ಲರ್ ನಿಮಗೆ ಬೇಕೇಬೇಕು, ಅದರೊಳಗೆ ತುಂಬಲು ನೀವೇ ಧ್ವನಿಮುದ್ರಿಸಿದ ನಾದವೂ ಬೇಕು. ಮಳೆಗಾಲದಲ್ಲಿ ಹಂಚಿನ ಮಾಡಿನ ಕೆಳಗೆ ಆ ಕೆಲಸಕ್ಕೆ ಕೈಹಾಕದಿರುವುದು ಲೇಸು.

ರೀಪರ್‌ನಂಥ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ವಾದ್ಯವನ್ನು ಟ್ರ್ಯಾಕಿನ ಮೇಲೆ ಪ್ಲಗಿನ್ (ಜೋಡಿಸಿಕೊಳ್ಳುವ ಕಿರುತಂತ್ರಾಂಶ) ಆಗಿ ಕೂರಿಸುತ್ತೇವೆ, ಅಂದರೆ ಇಲ್ಲಿ ಅಧಿಕಾರ ಟ್ರ್ಯಾಕಿನದು. ಆದರೂ ಸ್ವರಗಳನ್ನು ಒಂದೇ ಟ್ರ್ಯಾಕಿನಲ್ಲಿ ಬರೆದು, ಒಂದನೆಯ ಚಾನೆಲ್ಲನ್ನು ದುಡಿಯ ಟ್ರ್ಯಾಕಿಗೂ ಎರಡನೆಯದನ್ನು ಕೊಂಬಿನ ಟ್ರ್ಯಾಕಿಗೂ ಕಳುಹಿಸಬಹುದು. ಬರವಣಿಗೆ ಒಂದೆಡೆ, ನಾದ ಎರಡೆಡೆ ಆಗುವ ಈ ವ್ಯವಸ್ಥೆಯೇ ನಿಮಗೆ ಹೊಂದುತ್ತದೆಂದು ನನ್ನ ಅಭಿಪ್ರಾಯ. ಏಕೆಂದರೆ ಧ್ವನಿಮಟ್ಟ, ಎಡಬಲದ ಹಂಚಿಕೆ ಮತ್ತು ಮಾರ್ದನಿಯ ಪರಿಣಾಮಗಳು ಟ್ರ್ಯಾಕಿಗೆ ಅನ್ವಯಿಸುತ್ತವೆ. ಕೊಂಬು ಊರವರು ಕೋಲಾಟವಾಡುವ ಬಯಲಾದ ಮಂದ್‌ನ ಅಂಚಿನಿಂದ ಕೇಳಿಬಂದಂತೆ ತೋರಬೇಕು, ದುಡಿ ಕಿವಿಯ ಬಳಿಯೇ ಇರಬೇಕು ಎಂದಾದರೆ ಎರಡಕ್ಕೂ ಬೇರೆ ಬೇರೆ ಮಾರ್ದನಿ ಬೇಕಾಗುತ್ತದೆ.

ಮ್ಯೂಸ್‌ಸ್ಕೋರ್‌ನಲ್ಲಿ ಸ್ವರಲಿಪಿ ಬರೆಯುವವರಿಗೂ ನಡುವೆ ವಾದ್ಯ ಬದಲಿಸುವ ಗುರುತು ಲಭ್ಯವಿದೆ. ಅದು ಒಬ್ಬನೇ ವಾದಕ ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವ ಸಂದರ್ಭಕ್ಕೆ ತಕ್ಕದ್ದು. ಕೋಲಾಟದಲ್ಲಿ ದುಡಿ ನಿಲ್ಲದೆ ನುಡಿಯುತ್ತಿರುವಾಗಲೇ ಕೊಂಬು ಏಳುವುದರಿಂದ ಅಲ್ಲಿ ಎರಡು ಸಾಲುಗಳನ್ನೇ ಇಟ್ಟುಕೊಳ್ಳಿ. ದುಡಿಯ ಬಗೆಬಗೆಯ ಪೆಟ್ಟುಗಳಿಗೆ ಮಾತ್ರ ಪ್ರತ್ಯೇಕ ಟ್ರ್ಯಾಕುಗಳನ್ನು ಮಾಡುವ ಅಗತ್ಯವಿಲ್ಲ; ಅವನ್ನು ಒಂದೇ ಸ್ಯಾಂಪ್ಲರಿನ ಬೇರೆ ಬೇರೆ ಕೀಲಿಗಳಿಗೆ ಹಂಚಿದರೆ ಸಾಕು.